ಸ್ಟಾಕ್ ಎಣಿಸಿದ ನೋಗ್

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಾಮಾನು ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್. ಬಾಹ್ಯಾಕಾಶದ ಒಂದು ಸ್ಟೇಷನ್ನಿನಲ್ಲಿ ನಡೆಯುವ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಟಿವಿ ಸರಣಿಯಲ್ಲಿ ನನಗೆ ಭಾಳ ಹಿಡಿಸಿದ್ದು ಯುದ್ಧವಲ್ಲ, ಒಬ್ಬ ಹುಡುಗ ಗೋದಾಮಿನ ಸ್ಟಾಕ್ ಎಣಿಸಿದ್ದು ಅಂದರೆ ಮನೆಯಲ್ಲಿ ನಗುತ್ತಾರೆ. ನಗಲಿ ಬಿಡಿ.

ಎಪಿಸೋಡ್ ಹೆಸರು ‘ಹಾರ್ಟ್ ಆಫ್ ಸ್ಟೋನ್’, 1995ರದ್ದು. ಮುಖ್ಯ ಕಥೆ ಸ್ಟೇಷನ್ನಿನ ಅಧಿಕಾರಿಗಳಾದ ಓಡೋ ಮತ್ತು ಕೀರಾರದು. ಕೀರಾಳ ಕಾಲು ಬೆಳೆಯುವ ಕಲ್ಲೊಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಅದೂ ಚೆನ್ನಾಗೇ ಇದೆ. ಆದರೆ ನಾನು ಮತ್ತೆ ಹಾಕಿ ನೋಡೋದು ನೋಗ್‌ನ ಭಾಗ ಮಾತ್ರ.

ನೋಗ್ ಫೆರೆಂಗಿ ಅನ್ನೋ ಅನ್ಯಗ್ರಹದ ಕುಲದ ಹುಡುಗ. ಫೆರೆಂಗಿಗಳಿಗೆ ಲಾಭವೇ ದೇವರು. 1993ರ ಮೊದಲ ಎಪಿಸೋಡಿನಲ್ಲೇ ಇವನು ಕಳ್ಳತನ ಮಾಡಿ ಸಿಕ್ಕಿಬಿದ್ದವನು. ಓದೋಕೂ ಬರ್ತಿರಲಿಲ್ಲ; ಸ್ಟೇಷನ್ನಿನ ಮುಖ್ಯಸ್ಥ ಕಮಾಂಡರ್ ಸಿಸ್ಕೋನ ಮಗ ಜೇಕ್ ಗುಟ್ಟಾಗಿ ಕಲಿಸಿದ. ಅಂಥವನು ಈಗ ಸಿಸ್ಕೋ ಮುಂದೆ ಲ್ಯಾಟಿನಂ (ಅವರ ದುಡ್ಡು) ಚೀಲ ಇಟ್ಟು, ಬಾಹ್ಯಾಕಾಶ ಪಡೆಯಾದ ಸ್ಟಾರ್‌ಫ್ಲೀಟ್‌ನ ಅಕಾಡೆಮಿಗೆ ಸೇರಬೇಕು, ಶಿಫಾರಸು ಮಾಡಿ ಅಂತಾನೆ. ಲಂಚ ಅಲ್ಲ, ಅವರಲ್ಲಿ ಗುರುವಿಗೆ ದುಡ್ಡು ಕೊಟ್ಟೇ ಶಿಷ್ಯನಾಗೋದು.

ಸಿಸ್ಕೋ ನಂಬಲ್ಲ. ಗೋದಾಮಿನ ಸ್ಟಾಕ್ ಎಣಿಸೋಕೆ ಹಚ್ಚುತ್ತಾನೆ. ಕದಿಯುವವನಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ನೋಗ್ ಬೇಗನೆ ಮುಗಿಸುತ್ತಾನೆ, ಏನೂ ಕಾಣೆಯಾಗಿರಲ್ಲ. ಹಿಂದಿನ ಎಣಿಕೆಯಲ್ಲಿ ಬಿಟ್ಟುಹೋದದ್ದನ್ನೂ ಹುಡುಕಿರುತ್ತಾನೆ.

ಇಲ್ಲೇ ನಾನು ಎದ್ದು ಕೂತೆ. ಮಾರ್ಚ್ ಕೊನೆಗೆ ನಮ್ಮಲ್ಲೂ ಸ್ಟಾಕ್ ತೆಗೀತೀವಿ. ಹೊಸ ಹುಡುಗರು ಬೇರಿಂಗ್ ಡಬ್ಬಿ ಎಣಿಸಿ, ಬಿನ್ ಕಾರ್ಡ್‌ಗೆ (ಎಷ್ಟು ಮಾಲಿದೆ ಅಂತ ಬರೆದಿಡೋ ಚೀಟಿ) ತಾಳೆ ನೋಡಿ, ಟಿಕ್ ಹಾಕಿ ಮುಂದೆ ಹೋಗ್ತಾರೆ. ಒಬ್ಬ ಮಾತ್ರ ಡಬ್ಬಿ ಬಿಚ್ಚಿದ. ಬೇರಿಂಗಿನ ಅಂಚಿನ ಗ್ರೀಸ್ ಬೆರಳಲ್ಲಿ ಒರೆಸಿ ನಂಬರ್ ಓದಿದ. ಡಬ್ಬಿ ಮೇಲೆ 6205, ಒಳಗಿದ್ದದ್ದು 6204. ಅಂದರೆ ತೂತು 25 ಮಿ.ಮೀ. ಬದಲು 20. ‘ಕಾಕಾ, ಇದು ಬ್ಯಾರೆ ಐತಿ’ ಅಂದ. ಬಿಚ್ಚು ಅಂತ ಯಾರೂ ಹೇಳಿರಲಿಲ್ಲ.

ಇಷ್ಟಾದ ಮೇಲೂ ಸಿಸ್ಕೋ ಬೇಕಂತಲೇ, ಶಿಫಾರಸು ಮಾಡಲ್ಲ ಅಂತ ಸುಳ್ಳು ಹೇಳಿ ರೇಗಿಸುತ್ತಾನೆ. ಆಗ ನೋಗ್ ಒಡೆದು ಹೇಳ್ತಾನೆ. ಅಪ್ಪ ರೋಮ್‌ಗೆ ಯಂತ್ರದ ಕೆಲಸ ಕೈಗೆ ಹತ್ತಿದೆ, ಹಡಗಿನ ಮುಖ್ಯ ಎಂಜಿನಿಯರ್ ಆಗಬಹುದಿತ್ತು. ಆದರೆ ಕುಲದ ದಾರಿ ಅಂತ ಬರದ ವ್ಯಾಪಾರ ಹಿಡಿದು, ತನ್ನ ಅಣ್ಣ ಕ್ವಾರ್ಕ್‌ನ ಬಾರಿನಲ್ಲೇ ಉಳಿದ. ನನಗೂ ವ್ಯಾಪಾರ ಬರಲ್ಲ, ನಾನು ಹಾಗಾಗಲ್ಲ ಅಂತಾನೆ. ನಟ ಆರನ್ ಐಸೆನ್‌ಬರ್ಗ್‌ಗೆ ಆಗ 25 ದಾಟಿತ್ತು. ಆ ರಬ್ಬರ್ ತಲೆಯೊಳಗಿಂದ ಆ ದನಿ ಹೇಗೆ ತಂದನೋ!

ನೋಗ್ ಬೆಳೆದದ್ದು ಈ ಮಾತಿನಲ್ಲಿ ಅಂತಾರೆ ಬಹಳ ಜನ. ನನ್ನ ಲೆಕ್ಕದಲ್ಲಿ ಗೋದಾಮಿನಲ್ಲೇ ಬೆಳೆದಾಗಿತ್ತು, ಸಿಸ್ಕೋಗೆ ಗೊತ್ತಾಗಿದ್ದು ಆಮೇಲೆ.

ಕೊನೆಗೆ ಕ್ವಾರ್ಕ್ ಕೂಗಾಡಿ ಬೇಡ ಅಂತಾನೆ. ಸಾಮಾನ್ಯವಾಗಿ ಎದುರು ಮಾತಾಡದ ರೋಮ್ ಅವತ್ತು ಮಗನ ಪರ ನಿಲ್ಲುತ್ತಾನೆ. ಮುಂದೆ 1996ರ ‘ಬಾರ್ ಅಸೋಸಿಯೇಷನ್’ ಎಪಿಸೋಡಿನಲ್ಲಿ ಅವನೂ ಬಾರ್ ಬಿಟ್ಟು ಸ್ಟೇಷನ್ನಿನ ರಿಪೇರಿ ಕೆಲಸಕ್ಕೆ ಸೇರುತ್ತಾನೆ. ಮಗನನ್ನು ನೋಡಿಯೇ ಆ ಧೈರ್ಯ ಬಂತು ಅಂತ ನಾನು. ನನ್ನ ಹೆಂಡತಿ ಒಪ್ಪಲ್ಲ: ‘ಸುಮ್ನಿರ್ರಿ, ಕ್ವಾರ್ಕ್ ಪಗಾರ ಕಡಿಮಿ ಮಾಡಿದ್ದಕ್ಕ ಬಿಟ್ಟಾನ.’