ತತ್ತಿಯ ಸಾಲಿನಲ್ಲಿ ನಿಂತವರ ಮಾತು

2021ರ ಡಿಸೆಂಬರಿನಲ್ಲಿ ಗಂಗಾವತಿಯ ಒಬ್ಬ ಶಾಲಾ ಬಾಲಕಿ ಮಠಾಧೀಶರನ್ನು ಕುರಿತು ಆಡಿದ ಮಾತು ಮೊಬೈಲಿನಿಂದ ಮೊಬೈಲಿಗೆ ದಾಟಿ ಇಡೀ ರಾಜ್ಯವನ್ನು ಸುತ್ತಿ ಬಂತು. ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದನ್ನು ತಡೆದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬ ಅರ್ಥದ ಆ ಮಾತನ್ನು ನಾನು ಕೇಳಿದ್ದು ಕೊಪ್ಪಳ ಜಿಲ್ಲೆಯ ನಮ್ಮ ಸರ್ಕಾರಿ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ. ವಿಷಯ ಸರಿ, ಆದರೆ ಹಿರಿಯರ ವಿಚಾರದಲ್ಲಿ ಮಾತು ಇಷ್ಟು ಬಿರುಸಾಗಬಾರದಿತ್ತು ಎಂದು ಅಂದು ನಾನೇ ಸಹೋದ್ಯೋಗಿಗಳ ಮುಂದೆ ಹೇಳಿದ್ದೆ. ಹಾಗೆ ಹೇಳಿದ್ದು ತಪ್ಪು ಎಂದು ಈಗ ನನಗೆ ಖಚಿತವಾಗಿ ಅನ್ನಿಸುತ್ತದೆ.

ನಡೆದದ್ದನ್ನು ನೆನಪಿಸಿಕೊಳ್ಳೋಣ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆಗೆ ವಿಜಯಪುರವನ್ನೂ ಸೇರಿಸಿ, ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಬಿಸಿಯೂಟದೊಂದಿಗೆ ಬೇಯಿಸಿದ ಮೊಟ್ಟೆ ಕೊಡಲು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡಲು ಸರ್ಕಾರ ತೀರ್ಮಾನಿಸಿತ್ತು. ಈ ಭಾಗವನ್ನೇ ಮೊದಲು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, 65 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ಭಾಗದ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಆ ಮಕ್ಕಳೇ ಎರಡು ಮೂರು ವರ್ಷ ಕಳೆದ ಮೇಲೆ ಒಂದನೇ ತರಗತಿಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ತೀರ್ಮಾನ ಹೊರಬೀಳುತ್ತಲೇ ಕೆಲವು ಮಠಾಧೀಶರು ಮತ್ತು ಸಂಘಟನೆಗಳು ವಿರೋಧಕ್ಕೆ ನಿಂತವು. ಸಸ್ಯಾಹಾರಿ ಮಕ್ಕಳ ಮನಸ್ಸಿಗೆ ನೋವಾಗುತ್ತದೆ, ಪಂಕ್ತಿಯಲ್ಲಿ ಭೇದ ಹುಟ್ಟುತ್ತದೆ, ಮೊಟ್ಟೆಯ ಬದಲು ಎಲ್ಲರಿಗೂ ಕಾಳು, ಹಣ್ಣು, ಹಾಲು ಕೊಡಿ ಎಂಬುದು ಅವರ ವಾದ. ಹೋರಾಟದ ಎಚ್ಚರಿಕೆಗಳೂ ಬಂದವು. ಟಿ.ವಿ.ಯಲ್ಲಿ ಸಂಜೆಯಿಡೀ ಚರ್ಚೆ. ಆ ಚರ್ಚೆಗಳನ್ನು ನಾನು ತಪ್ಪದೆ ನೋಡಿದೆ. ಕುಳಿತವರಲ್ಲಿ ಶಾಲೆಯ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವವರು ಒಬ್ಬರೂ ಇರಲಿಲ್ಲ.

ನಮ್ಮ ಮಕ್ಕಳ ಮನೆಗಳ ಬೆಳಗು ಹೇಗಿರುತ್ತದೆ ಎಂಬುದು ಅಲ್ಲಿ ಕುಳಿತವರಿಗೆ ಗೊತ್ತಿರಲಾರದು. ತಂದೆ ತಾಯಿ ಹೊತ್ತು ಮೂಡುವ ಮೊದಲೇ ಟಂಟಂ ಹತ್ತಿ ಕೂಲಿಗೆ ಹೋಗಿರುತ್ತಾರೆ. ಚಹಾದಲ್ಲಿ ಅದ್ದಿದ ಎರಡು ಬಿಸ್ಕತ್ತು ತಿಂದು ಬಂದ ಹುಡುಗಿ ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕೂರುವುದನ್ನು, ಅದರಲ್ಲೂ ಸೋಮವಾರಗಳಂದು, ನಾನು ಎಷ್ಟೋ ಸಲ ಕಂಡಿದ್ದೇನೆ. ಮೊದಲ ಸಲ ತತ್ತಿ ಕೊಟ್ಟ ದಿನ (ನಮ್ಮ ಕಡೆ ಮೊಟ್ಟೆಗೆ ತತ್ತಿ ಎಂದೇ ಹೆಸರು) ನಮ್ಮ ಅಡುಗೆಯವರು ಬಿಸಿ ಆರುವ ಮೊದಲೇ ಸಿಪ್ಪೆ ಬಿಡಿಸುತ್ತ ಬೆರಳು ಊದಿಕೊಳ್ಳುತ್ತಿದ್ದರು. ಮೂರನೇ ತರಗತಿಯ ಒಬ್ಬ ಹುಡುಗ ಬಿಳಿಭಾಗವನ್ನೆಲ್ಲ ತಿಂದು, ಹಳದಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಗೇಟಿನ ಕಡೆ ನಡೆದ. ಅಂಗನವಾಡಿಗೂ ಹೋಗದ ತಂಗಿ ಅಲ್ಲಿ ನಿಂತಿದ್ದಳು.

ವಿರೋಧಿಸಿದವರ ಆತಂಕವೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಒಂದೇ ಪಾತ್ರೆ, ಒಂದೇ ಸೌಟು ಎಂದರೆ ಹಿಂಜರಿಯುವ ಮನೆಗಳು ನಮ್ಮೂರಲ್ಲೂ ಇವೆ, ನನ್ನ ಮನೆಯೂ ಅಂಥದ್ದೇ. ನಾವು ತತ್ತಿಗೆ ಬೇರೆ ಪಾತ್ರೆ ತಂದೆವು, ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಕಷ್ಟವಾದದ್ದು ಇನ್ನೊಂದು ಕಡೆ. ಬಾಳೆಹಣ್ಣಿಗೆ ಹೆಸರು ಬರೆಸಿದ್ದ ಒಬ್ಬ ಹುಡುಗ ಎರಡನೇ ವಾರ ತತ್ತಿಯ ಸಾಲಿಗೆ ಬಂದು ನಿಂತಾಗ, "ಸರ್, ನಾ ಈಗ ಏನ್ ಮಾಡ್ಲಿ?" ಎಂದು ಅಡುಗೆಯವರು ನನ್ನ ಮುಖ ನೋಡಿದರು. ಅಂದು ಅವನಿಗೆ ಹಣ್ಣನ್ನೇ ಕೊಡಿಸಿ, ಸಂಜೆ ಅವನ ತಾಯಿಯನ್ನು ಕಂಡು ಕೇಳಿದೆ. ಆಕೆ ಸೆರಗು ಸರಿಮಾಡಿಕೊಳ್ಳುತ್ತ, "ಮನ್ಯಾಗ ನಾವ್ ಮಾಡಂಗಿಲ್ರೀ ಸರ. ಸಾಲ್ಯಾಗ ತಿಂದ್ರ ತಿನ್ನಲಿ ಬಿಡ್ರಿ, ಹುಡುಗ ಗಟ್ಟಿ ಆಗ್ಲಿ" ಎಂದರು. ವಾರಗಟ್ಟಲೆ ಟಿ.ವಿ.ಯಲ್ಲಿ ಬಗೆಹರಿಯದ ಪ್ರಶ್ನೆಯನ್ನು ಆ ತಾಯಿ ಹೊಸ್ತಿಲಲ್ಲಿ ನಿಂತೇ ಬಗೆಹರಿಸಿದ್ದರು.

ಇಷ್ಟೆಲ್ಲ ಕಣ್ಣಾರೆ ಕಂಡೂ ನಾನು ಬಾಯಿ ತೆರೆದು ಏನೂ ಹೇಳಲಿಲ್ಲ. ನಾನು ಓದಿದ್ದೇ ಒಂದು ಮಠದ ಪ್ರಸಾದ ನಿಲಯದಲ್ಲಿ ಉಂಡು. ಆ ಅನ್ನದ ಋಣ ದೊಡ್ಡದು. ಈ ಭಾಗದ ಸಾವಿರಾರು ಬಡ ಮಕ್ಕಳು ಮಠಗಳ ಊಟದಿಂದಲೇ ಪದವೀಧರರಾಗಿದ್ದಾರೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಬರುವ ರೊಟ್ಟಿಯನ್ನು ಉಣ್ಣುವವನ ಕುಲ ಗೋತ್ರ ಯಾರೂ ಕೇಳುವುದಿಲ್ಲ. 2002ರಲ್ಲಿ ರಾಜ್ಯದ ಈಶಾನ್ಯದ ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾದಾಗ ಸರ್ಕಾರ ಅದಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟದ್ದು ಈ ಪರಂಪರೆಯ ಮಾತನ್ನೇ ಎರವಲು ಪಡೆದು. ಆದ್ದರಿಂದಲೇ ಆ ವಿರೋಧ ಮಠಗಳ ಕಡೆಯಿಂದ ಬಂದದ್ದು ನನಗೆ ಹೆಚ್ಚು ನೋವು ಕೊಟ್ಟಿತು, ಅದೇ ಋಣ ನನ್ನ ಬಾಯಿಯನ್ನೂ ಕಟ್ಟಿತು. ಗಂಗಾವತಿಯ ಆ ಹುಡುಗಿಗೆ ಅಂಥ ಕಟ್ಟು ಇರಲಿಲ್ಲ. ದೊಡ್ಡವರು ಹೋರಾಟದ ಎಚ್ಚರಿಕೆ ಕೊಟ್ಟಾಗ ಅದು ಧರ್ಮದ ಕಾಳಜಿ ಎನಿಸಿಕೊಂಡಿತು, ತನ್ನ ತಟ್ಟೆಯ ಬಗ್ಗೆ ಅವಳು ಮಾತಾಡಿದಾಗ ಅದು ಉದ್ಧಟತನ ಎನಿಸಿಕೊಂಡಿತು. ಹಾಗೆ ಅಳೆದವರಲ್ಲಿ, ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸುವ ಉದ್ಯೋಗದ ನಾನೂ ಒಬ್ಬ.

ಸರ್ಕಾರ ಹಿಂದೆ ಸರಿಯಲಿಲ್ಲ. 2022ರಲ್ಲಿ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹೋಯಿತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಲ್ಲಿ ವಾರಕ್ಕೆ ಆರು ದಿನ ಸಿಗುತ್ತಿದೆ. ತಕರಾರು ಮಾತ್ರ ಪೂರ್ತಿ ನಿಂತಿಲ್ಲ: 2025ರಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ ಮೊಟ್ಟೆ ಬೇಡವೆಂದು ಪೋಷಕರು ಮಕ್ಕಳನ್ನೇ ಶಾಲೆಯಿಂದ ಬಿಡಿಸಿದ ಸುದ್ದಿ ಓದಿದಾಗ, ಆ ಮಕ್ಕಳನ್ನು ಯಾರಾದರೂ ಕೇಳಿದರೇ ಎಂಬುದೇ ನನ್ನ ಮನಸ್ಸಿಗೆ ಮೊದಲು ಬಂದದ್ದು.

ಅದಾದ ಮೇಲೆ ನಾನು ನಮ್ಮ ಏಳನೇ, ಎಂಟನೇ ತರಗತಿಯವರನ್ನು ಕೂರಿಸಿ, ಬಿಸಿಯೂಟದ ಬಗ್ಗೆ ಅನಿಸಿದ್ದನ್ನು ಹೆಸರು ಹಾಕದೆ ಬರೆದು ಕೊಡಲು ಹೇಳಿದೆ. ಮಡಿ ಮೈಲಿಗೆಯ ಮಾತು ಒಂದು ಚೀಟಿಯಲ್ಲೂ ಇರಲಿಲ್ಲ. ಸಾರು ನೀರಾಗಿರುತ್ತದೆ ಎಂದು ಕೆಲವರು, ಕೈ ತೊಳೆಯುವ ನಳ ಕೆಟ್ಟಿದೆ ಎಂದು ಹಲವರು ಬರೆದಿದ್ದರು. ಒಂಬತ್ತು ಚೀಟಿಗಳಲ್ಲಿ ಒಂದೇ ದೂರು: ತತ್ತಿ ತೀರ ಸಣ್ಣವು ಬರುತ್ತಿವೆ. ಚೀಟಿಗಳನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೇಜಿನ ಮೇಲಿಟ್ಟು ಒಂದೊಂದಾಗಿ ಓದಿದೆ. ಒಂದು ತತ್ತಿಗೆ ಸಿಗುವುದು ಆರು ರೂಪಾಯಿ, ಚಳಿಗಾಲದಲ್ಲಿ ಪೇಟೆಯ ದರ ಅದನ್ನು ಮೀರುತ್ತದೆ, ಉಳಿದದ್ದನ್ನು ಹೆಡ್ ಮಾಸ್ತರರು ಕೈಯಿಂದ ಹಾಕುತ್ತಾರೆ ಎಂಬ ಲೆಕ್ಕ ಅಲ್ಲಿ ಮೊದಲ ಸಲ ಊರಿನವರ ಕಿವಿಗೆ ಬಿತ್ತು. ನಳ ಮರುವಾರ ರಿಪೇರಿಯಾಯಿತು. ತತ್ತಿ ಕೊಡುವ ಅಂಗಡಿಯನ್ನು ಬದಲಿಸಿದ್ದೇವೆ.