ಜಾಬ್ ಕಾರ್ಡಿನಲ್ಲಿ ಇಲ್ಲದ ದೂರು

ಕಳೆದ ಮೇ ತಿಂಗಳ ಒಂದು ಸಂಜೆ ಮಂಗಳೂರಿನಿಂದ ಹಿಂದಿರುಗುವಾಗ, ಬಂದ್ಯೋಡು ದಾಟಿ ಶಿರಿಯ ಸೇತುವೆ ಹತ್ತಿರವಾಗುತ್ತಿದ್ದಂತೆ, ನಮ್ಮ ಗಾಡಿಯ ಎಂಜಿನ್ ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಹೋಯಿತು. ಆಕ್ಸಿಲರೇಟರ್ ಒತ್ತಿದರೆ ಏನೂ ಆಗಲಿಲ್ಲ. ಮೀಟರಿನ ಕೆಂಪು, ಹಳದಿ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಬ್ರೇಕು ಎರಡು ಸಲ ಸರಿಯಾಗಿ ಹಿಡಿದು, ಮೂರನೆಯ ಸಲ ಕಲ್ಲಿನಂತೆ ಗಟ್ಟಿಯಾಯಿತು. ಹಿಂದಿನಿಂದ ಬರುತ್ತಿದ್ದ ಮೀನಿನ ಲಾರಿ ಹಾರ್ನ್ ಹಾಕುತ್ತಾ ಒಂದು ಗೇಣಿನ ಅಂತರದಲ್ಲಿ ತಪ್ಪಿಸಿಕೊಂಡು ಹೋಯಿತು. ಹೇಗೋ ಬದಿಗೆ ತಂದು ನಿಲ್ಲಿಸಿದ ಮೇಲೆ ಪಕ್ಕದಲ್ಲಿ ಕುಳಿತಿದ್ದ ಭಾವ ಬಹಳ ಹೊತ್ತು ಮಾತಾಡಲಿಲ್ಲ, ಕೊನೆಗೆ, “ಇಷ್ಟು ಕ್ರಯದ ಗಾಡಿಗೂ ಹೀಗೆ ಉಂಟಾ ಭಾವ?” ಎಂದು ಕೇಳಿದರು.

ಕ್ರಯದ ವಿಷಯವನ್ನು ಮುಚ್ಚಿಡುವುದಿಲ್ಲ. ಹೊಸದಾಗಿ 60 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಬಾಳುತ್ತಿದ್ದ ಪೆಟ್ರೋಲ್ ಕ್ರಾಸ್‌ಓವರ್ ಗಾಡಿಯನ್ನು, ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ, ಮಗನ ಒತ್ತಾಯಕ್ಕೆ ಮಣಿದು ಮಂಗಳೂರಿನ ಹಳೆ ಕಾರುಗಳ ವ್ಯಾಪಾರಿಯೊಬ್ಬರಿಂದ 26 ಲಕ್ಷಕ್ಕೆ ಕೊಂಡಿದ್ದೆ. ಮೊದಲ ಮಾಲೀಕರು ಬೆಂಗಳೂರಿನವರು. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವ್ಯವಹಾರ ಇನ್ನೂ ಮುಗಿದಿಲ್ಲ. ನೋಡಲು ಜೀಪಿನಂತೆ ಎತ್ತರವಾಗಿದ್ದು, ಒಳಗೆ ಲಾರಿಯ ಚಾಸಿಯ ಬದಲು ಕಾರಿನ ದೇಹವನ್ನೇ ಹೊಂದಿರುವ ಈ ಜಾತಿಯ ಐಷಾರಾಮಿ ಗಾಡಿಗಳಲ್ಲಿ ಮೊದಲನೆಯದು 1998ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಲೆಕ್ಸಸ್ ಆರ್‌ಎಕ್ಸ್ 300 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಏರು ದಾರಿಗೆ ಅಂಥದ್ದು ಬೇಕಿತ್ತೇ ಎಂದು ನನ್ನ ಹೆಂಡತಿ ಆಗಲೇ ಕೇಳಿದ್ದಳು, ಈಗಲೂ ಕೇಳುತ್ತಾಳೆ.

ಬ್ರೇಕು ಏಕೆ ಗಟ್ಟಿಯಾಯಿತು ಎಂಬುದು ಆಮೇಲೆ ತಿಳಿಯಿತು. ನಮ್ಮ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಎಂಬ ಭಾಗವು ಎಂಜಿನ್ ಓಡುವಾಗ ಉಂಟಾಗುವ ನಿರ್ವಾತದಿಂದ ಕೆಲಸ ಮಾಡುತ್ತದೆ. ಎಂಜಿನ್ ನಿಂತ ಮೇಲೆ ಅದರಲ್ಲಿ ಉಳಿದಿರುವುದು ಒಂದೆರಡು ಸಲದ ಬ್ರೇಕಿಗೆ ಮಾತ್ರ ಸಾಕಾಗುತ್ತದೆ. ಆ ಬಳಿಕ ಎರಡು ಟನ್ನಿನ ಹತ್ತಿರದ ಭಾರವನ್ನು ಬರಿಯ ಕಾಲಿನ ಬಲದಿಂದಲೇ ನಿಲ್ಲಿಸಬೇಕಾಗುತ್ತದೆ. ಇಂಥ ಸಂದರ್ಭದಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬಾರದು, ಒಂದೇ ಸಲ ಬಲವಾಗಿ ಒತ್ತಿ ಹಿಡಿಯಬೇಕು. ನಾನು ಮಾಡಿದ್ದು ಸರಿಯಾಗಿ ಅದಕ್ಕೆ ವಿರುದ್ಧ.

ಹತ್ತು ನಿಮಿಷ ಬಿಟ್ಟು ಬಟನ್ ಒತ್ತಿದಾಗ ಎಂಜಿನ್ ಏನೂ ಆಗದಂತೆ ಚಾಲೂ ಆಯಿತು. ಮರುದಿನ ಮತ್ತೆ ತಲಪಾಡಿ ದಾಟಿ ಸರ್ವಿಸ್ ಸೆಂಟರಿಗೆ ಹೋದೆ. ಎಸಿ ಕೋಣೆ, ಕಾಫಿ, ಬಾಗಿ ಮಾತಾಡುವ ಸರ್ವಿಸ್ ಅಡ್ವೈಸರ್ ಯುವಕ. ಎಲ್ಲವನ್ನೂ ತಾಳ್ಮೆಯಿಂದ ಕೇಳಿಕೊಂಡು ಟ್ಯಾಬಿನಲ್ಲಿ ಏನೋ ಟೈಪ್ ಮಾಡಿ, ಸಹಿ ಹಾಕಿ ಎಂದು ಜಾಬ್ ಕಾರ್ಡನ್ನು, ಅಂದರೆ ಗಾಡಿಯ ದೂರನ್ನು ದಾಖಲಿಸುವ ಪತ್ರವನ್ನು, ಮುಂದೆ ಹಿಡಿದ. ನಾನು ಮೂವತ್ತು ವರ್ಷ ಸಹಕಾರಿ ಬ್ಯಾಂಕಿನಲ್ಲಿ ದುಡಿದವನಾದ್ದರಿಂದ ಓದದೆ ಸಹಿ ಹಾಕುವ ಅಭ್ಯಾಸವಿಲ್ಲ. ‘ಗ್ರಾಹಕರ ದೂರು’ ಎಂಬ ಅಂಕಣದಲ್ಲಿ ‘ಪಿಕಪ್ ಕಡಿಮೆ, ಜನರಲ್ ಚೆಕಪ್’ ಎಂದಿತ್ತು. “ಪಿಕಪ್ ಕಡಿಮೆ ಎಂದು ನಾನು ಹೇಳಲಿಲ್ಲವಲ್ಲ, ಓಡುತ್ತಿದ್ದ ಎಂಜಿನ್ ನಿಂತಿತು ಎಂದೆ” ಎಂದಾಗ ಆತ, “ಅದೇ ಸಾರ್, ನಾವು ಹಾಗೆಯೇ ಬರೆಯುವುದು” ಎಂದ. ತಿದ್ದಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಂತಿತು, ಬ್ರೇಕು ಗಟ್ಟಿಯಾಯಿತು ಎಂದು ತಾರೀಕು ಸಹಿತ ಬರೆಸಿ, ಪ್ರತಿಯನ್ನು ಪಡೆದೇ ಕುರ್ಚಿಯಿಂದ ಎದ್ದೆ. ಸಂಜೆ ಬಂದ ಉತ್ತರ ಮಾತ್ರ ಸಣ್ಣದು: ಸ್ಕ್ಯಾನ್ ಮಾಡಿದಾಗ ಯಾವ ಎರರ್ ಕೋಡೂ ಬರಲಿಲ್ಲ, ಗಾಡಿ ಸರಿಯಾಗಿದೆ.

ಒಂದು ಸಾಲಿನ ಬರಹಕ್ಕೆ ಇಷ್ಟು ಹಟವೇಕೆ ಎಂದು ಭಾವನೂ ಕೇಳಿದರು. ಆಗ ನಾನು ಅವರಿಗೆ ಹೇಳಿದ ಸಂಗತಿಯನ್ನೇ ಇಲ್ಲಿಯೂ ಹೇಳುತ್ತೇನೆ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ಸಮೀಪ, ಹೆದ್ದಾರಿ ಪೊಲೀಸ್ ಅಧಿಕಾರಿಯೊಬ್ಬರು ತಮ್ಮ ಕಾರು ಸರ್ವಿಸಿನಲ್ಲಿದ್ದುದರಿಂದ ಡೀಲರ್ ಕೊಟ್ಟ ಲೆಕ್ಸಸ್ ಇಎಸ್ 350 ಕಾರಿನಲ್ಲಿ ಮನೆಮಂದಿಯೊಡನೆ ಹೋಗುತ್ತಿದ್ದಾಗ ವೇಗ ಏರುತ್ತಲೇ ಹೋಗಿ, ಗಂಟೆಗೆ 160 ಕಿಲೋಮೀಟರನ್ನೂ ಮೀರಿ, ನಾಲ್ವರೂ ತೀರಿಕೊಂಡರು. ತುರ್ತು ಸಂಖ್ಯೆಗೆ ಫೋನ್ ಮಾಡಿ ಬ್ರೇಕು ಹಿಡಿಯುತ್ತಿಲ್ಲ ಎಂದು ಕೂಗಿ ಹೇಳಿದವರು ಅಧಿಕಾರಿಯ ಭಾವ. ಆಕ್ಸಿಲರೇಟರ್ ಪೆಡಲ್ ಒಂದು ರಬ್ಬರ್ ಮ್ಯಾಟಿಗೆ ಸಿಕ್ಕಿಕೊಂಡಿತ್ತು. ಆ ಮ್ಯಾಟ್ ಆ ಕಾರಿನದ್ದೇ ಅಲ್ಲ, ಅದೇ ಕಂಪನಿಯ ಆರ್‌ಎಕ್ಸ್ 400ಎಚ್ ಎಂಬ ಕ್ರಾಸ್‌ಓವರಿನದು. ತನಿಖೆಯಲ್ಲಿ ಹೊರಬಂದ ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕೆಲವೇ ದಿನಗಳ ಹಿಂದೆ ಅದೇ ಕಾರನ್ನು ಒಯ್ದಿದ್ದ ಬೇರೊಬ್ಬ ಗ್ರಾಹಕರಿಗೂ ಪೆಡಲ್ ಸಿಕ್ಕಿಕೊಂಡಿತ್ತು, ಅವರು ಕಾರನ್ನು ಹಿಂದಿರುಗಿಸುವಾಗ ಡೀಲರಿನ ಸ್ವಾಗತ ಮೇಜಿನಲ್ಲಿ ಆ ವಿಷಯವನ್ನು ಬಾಯಿಮಾತಿನಲ್ಲಿ ಹೇಳಿಯೂ ಇದ್ದರು. ಆ ಮಾತು ಮೇಜನ್ನು ದಾಟಿ ಒಳಗೆ ಹೋಗಲಿಲ್ಲ. ಗ್ರಾಹಕರನ್ನು ದಾರಿ ತಪ್ಪಿಸಿದ ಆರೋಪದಲ್ಲಿ 2014ರ ಮಾರ್ಚ್‌ನಲ್ಲಿ ಲೆಕ್ಸಸ್‌ನ ಮಾತೃಸಂಸ್ಥೆಯಾದ ಟೊಯೊಟಾ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ತೆರಲು ಒಪ್ಪಿತು. ಆ ಮೇಜಿನಲ್ಲಿ ಒಬ್ಬರು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಇದನ್ನು ಓದಿದ ದಿನವೇ ಅಂಗಳಕ್ಕೆ ಹೋಗಿ ನಮ್ಮ ಗಾಡಿಯ ಚಾಲಕನ ಬದಿಯ ಬಾಗಿಲು ತೆರೆದು ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ. ತೋಟದ ಕೆಂಪು ಮಣ್ಣು ಒಳಗಿನ ಕಾರ್ಪೆಟಿಗೆ ಹಿಡಿಯದಿರಲೆಂದು ಕುಂಬಳೆಯ ಅಂಗಡಿಯಿಂದ ತಂದ ದಪ್ಪ ರಬ್ಬರ್ ಮ್ಯಾಟನ್ನು ಕಂಪನಿಯ ಮ್ಯಾಟಿನ ಮೇಲೆಯೇ ಹಾಸಿದ್ದೆ. ನೆಲದ ಎರಡು ಕೊಕ್ಕೆಗಳಿಗೆ ಅದು ಸಿಕ್ಕಿರಲೂ ಇಲ್ಲ, ಜಾರಿ ಜಾರಿ ಅದರ ಮೇಲಂಚು ಪೆಡಲಿನ ಬುಡಕ್ಕೆ ಎರಡು ಬೆರಳಿನಷ್ಟು ಹತ್ತಿರ ಬಂದಿತ್ತು. ಈಗ ಅದು ಹಟ್ಟಿಯ ಬಾಗಿಲಲ್ಲಿ ಕಾಲೊರಸಲು ಬಿದ್ದಿದೆ.

ಎಲ್ಲ ದೂರುಗಳೂ ಒಂದೇ ತೂಕದವಲ್ಲ ಎಂಬುದನ್ನು ಒಪ್ಪುತ್ತೇನೆ. ಸೀಟಿನ ಚರ್ಮ ಸುಕ್ಕಾದದ್ದು, ಡ್ಯಾಶ್‌ಬೋರ್ಡ್ ಕಿರುಗುಟ್ಟುವುದು ಮನಸ್ಸಿಗೆ ಕಿರಿಕಿರಿ, ಅಷ್ಟೆ. ಆದರೆ ಗೆರೆ ಎಲ್ಲಿದೆ ಎಂಬುದು ಹೊರನೋಟಕ್ಕೆ ಕಾಣುವುದಿಲ್ಲ. ಹಿಂಬದಿಯ ಕ್ಯಾಮೆರಾದ ಪರದೆ ಕಪ್ಪಾದರೆ ನಮ್ಮಲ್ಲಿ ಅದನ್ನು ಟಿವಿ ಕೆಟ್ಟಂತೆ ಎಣಿಸುತ್ತಾರೆ. 2018ರ ಮೇ ತಿಂಗಳಿಂದ ಎಲ್ಲ ಹೊಸ ಕಾರುಗಳಿಗೂ ಆ ಕ್ಯಾಮೆರಾ ಕಡ್ಡಾಯವಾಗಿರುವ ಅಮೆರಿಕದಲ್ಲಿ ಅದೇ ದೋಷಕ್ಕೆ ತಯಾರಕರು ಗಾಡಿಗಳನ್ನು ಹಿಂದಕ್ಕೆ ಕರೆಸಿ ಹಣ ಪಡೆಯದೆ ಸರಿಪಡಿಸುತ್ತಾರೆ, ಇದನ್ನೇ ರೀಕಾಲ್ ಎನ್ನುವುದು. ನಮ್ಮ ಗಾಡಿಯ ಗಾಜಿನ ಮಾಡಿನ ಕಥೆಯೂ ಇಂಥದ್ದೇ. ಪನೋರಮಿಕ್ ಸನ್‌ರೂಫ್ ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಅಂಚಿನಿಂದ ಇಳಿದ ನೀರು ಒಂದು ದಂಬೆಗೆ ಬಿದ್ದು, ಮೂಲೆಗಳಲ್ಲಿರುವ ಸಣ್ಣ ಪೈಪುಗಳ ಮೂಲಕ ಹೊರಗೆ ಹೋಗಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕಾಸರಗೋಡಿನಲ್ಲಿ, ಮಾವಿನ ಮರದ ಅಡಿಯಲ್ಲಿ ನಿಲ್ಲುವ ಗಾಡಿಯ ಆ ಪೈಪು ಎಷ್ಟು ದಿನ ತೆರೆದಿರುತ್ತದೆ? ಜೂನ್ ಕೊನೆಗೆ ಒಳಮಾಡಿನ ಬಟ್ಟೆ ಒದ್ದೆಯಾಯಿತು, ಬೂಸಲಿನ ವಾಸನೆ ಬಂತು, ಆಮೇಲೆ ಎಡಬದಿಯ ಕಾಲಿಡುವ ಜಾಗದಲ್ಲಿ ನೀರು ನಿಂತಿತು. ವಾಸನೆಯಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಕಾರ್ಪೆಟ್ ಎತ್ತಿದಾಗ ಅಡಿಯಲ್ಲಿ ಮಣಿಕಟ್ಟಿನಷ್ಟು ದಪ್ಪದ ವಯರಿನ ಕಟ್ಟೊಂದು ನೀರಿನಲ್ಲಿ ಮಲಗಿತ್ತು, ಅದರ ಕನೆಕ್ಟರಿನ ತುದಿಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಪೈಪಿನಿಂದ ಮೆಕ್ಯಾನಿಕ್ ಎಳೆದು ತೆಗೆದದ್ದು ಬೆರಳುದ್ದದ, ಕೊಳೆತ ಮಾವಿನ ಹೂವಿನ ಮುದ್ದೆ. ‘ಮಾಲೀಕರ ನಿರ್ವಹಣೆಯ ಲೋಪ’ ಎಂಬುದು ಸರ್ವಿಸ್ ಸೆಂಟರಿನ ತೀರ್ಪು. ಕೈಪಿಡಿಯಲ್ಲಿ ಆ ಪೈಪಿನ ವಿಷಯ ಎಲ್ಲಿದೆ ಎಂದು ನಾನು ಕೇಳಿದ ಪ್ರಶ್ನೆ ಇಂದಿಗೂ ಬಾಕಿ ಇದೆ.

ಜುಲೈಯಲ್ಲಿ ಎಂಜಿನ್ ಎರಡನೆಯ ಸಲ ನಿಂತಿತು, ಈ ಬಾರಿ ಸೀತಾಂಗೋಳಿಯ ಏರಿನಲ್ಲಿ. ಮಗ ಫೋನಿನಲ್ಲಿ, “ಅಪ್ಪ, ಚಾಸಿ ನಂಬರ್ ಹಾಕಿ ನೋಡಿ” ಎಂದ. ಆರ್‌ಸಿಯಲ್ಲಿದ್ದ ಹದಿನೇಳು ಅಕ್ಷರ ಮತ್ತು ಅಂಕಿಗಳನ್ನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಕಂಪನಿಯ ಜಾಲತಾಣದಲ್ಲಿ ತುಂಬಿದಾಗ ತೆರೆಯ ಮೇಲೆ ಬಂತು: ಇಂಧನ ಪಂಪಿನ ರೀಕಾಲ್, ಕೆಲಸ ಬಾಕಿ. ಎರಡು ವರ್ಷದ ಹಿಂದೆಯೇ ಪತ್ರ ಹೋಗಿತ್ತು, ಬೆಂಗಳೂರಿನ ಮೊದಲ ಮಾಲೀಕರ ವಿಳಾಸಕ್ಕೆ. ಎರಡನೆಯ ಕೈಗೆ ಗಾಡಿ ಬರುತ್ತದೆ, ಪತ್ರ ಬರುವುದಿಲ್ಲ. ಮೇ ತಿಂಗಳಲ್ಲಿ ಇದನ್ನು ಏಕೆ ಹೇಳಲಿಲ್ಲ ಎಂದು ಅಡ್ವೈಸರನ್ನು ಕೇಳಿದರೆ, “ಸಿಸ್ಟಮಿನಲ್ಲಿ ಇತ್ತು ಸಾರ್, ಪಾರ್ಟ್ ಬಂದಿರಲಿಲ್ಲ” ಎಂದು ನೆಲ ನೋಡಿದ.

ಇಂಧನ ಪಂಪಿನ ದೋಷ ಹೊಸತಲ್ಲ. 2020ರಿಂದ ಟೊಯೊಟಾ, ಲೆಕ್ಸಸ್, ಹೋಂಡಾ ಮೊದಲಾದ ಗಾಡಿಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಿಂದಕ್ಕೆ ಕರೆಸಿದ್ದು ಡೆನ್ಸೋ ಎಂಬ ಬಿಡಿಭಾಗಗಳ ಕಂಪನಿ ತಯಾರಿಸಿದ ಪಂಪಿನ ಸಲುವಾಗಿ. ಪಂಪಿನೊಳಗೆ ತಿರುಗುವ ಪ್ಲಾಸ್ಟಿಕ್ ಚಕ್ರದ ಸಾಂದ್ರತೆ ಕಡಿಮೆಯಾದ್ದರಿಂದ ಅದು ಪೆಟ್ರೋಲನ್ನು ಹೀರಿ ಉಬ್ಬಿ, ಗೋಡೆಗೆ ತಾಗಿ ನಿಲ್ಲುತ್ತಿತ್ತು, ಪೆಟ್ರೋಲ್ ತಲುಪದೆ ಎಂಜಿನ್ನೂ ನಿಲ್ಲುತ್ತಿತ್ತು. ನನ್ನ ಗಾಡಿಯದ್ದೂ ಅದೇ ಎಂದು ಹೇಳುತ್ತಿಲ್ಲ, ಲಕ್ಷಣ ಮಾತ್ರ ಅದೇ.

ಜಾಲತಾಣದಲ್ಲಿ ಕುಳಿತ ಆ ರಾತ್ರಿಯೇ ಏರ್‌ಬ್ಯಾಗಿನ ವಿಷಯವನ್ನೂ ನೋಡಿಕೊಂಡೆ, ನಮ್ಮ ಕರಾವಳಿಯವರು ಅದನ್ನು ವಿಶೇಷವಾಗಿ ಗಮನಿಸಬೇಕು. ಜಪಾನಿನ ತಕಾಟಾ ಕಂಪನಿಯ ಇನ್‌ಫ್ಲೇಟರುಗಳಲ್ಲಿ, ಅಂದರೆ ಏರ್‌ಬ್ಯಾಗನ್ನು ಉಬ್ಬಿಸುವ ಭಾಗಗಳಲ್ಲಿ, ಇದ್ದ ಅಮೋನಿಯಂ ನೈಟ್ರೇಟ್ ಎಂಬ ಸಿಡಿಯುವ ರಾಸಾಯನಿಕ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಹದ ಕೆಟ್ಟು, ಅಪಘಾತದ ವೇಳೆ ಲೋಹದ ಕವಚವನ್ನೇ ಒಡೆದು ಚೂರುಗಳನ್ನು ಕುಳಿತವರ ಮೇಲೆ ಎರಚುತ್ತಿತ್ತು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಇನ್‌ಫ್ಲೇಟರುಗಳನ್ನು ಹಿಂದಕ್ಕೆ ಕರೆಸಬೇಕಾಗಿ ಬಂದು, 2017ರ ಜೂನ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಬಿಎಂಡಬ್ಲ್ಯುವಿನಂಥ ಐಷಾರಾಮಿ ಹೆಸರುಗಳೂ ಆ ಪಟ್ಟಿಯಲ್ಲಿದ್ದವು. ಅಮೆರಿಕದಲ್ಲಿ ಫ್ಲಾರಿಡಾದಂಥ ಸೆಕೆಯ ಕರಾವಳಿ ರಾಜ್ಯಗಳ ಗಾಡಿಗಳಿಗೆ ಮೊದಲ ಆದ್ಯತೆ ಕೊಟ್ಟರು. ಡಬ್ಬಿಯ ಮುಚ್ಚಳ ಸಡಿಲವಾದರೆ ಹಪ್ಪಳ ಮರುದಿನಕ್ಕೆ ಮೆತ್ತಗಾಗುವ ಊರು ನಮ್ಮದು. ನಮ್ಮವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ನಮ್ಮ ದೇಶದಲ್ಲಿ 2012ರಿಂದ ತಯಾರಕರು ತಾವಾಗಿಯೇ ಗಾಡಿಗಳನ್ನು ಹಿಂದಕ್ಕೆ ಕರೆಸುವ ಪದ್ಧತಿ ಇತ್ತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 110ಎ ವಿಧಿಯು ಸರ್ಕಾರಕ್ಕೇ ಆ ಅಧಿಕಾರ ಕೊಟ್ಟಿತು; ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು; ಏಳು ವರ್ಷ ಮೀರದ ಗಾಡಿಗಳಿಗೆ ಅವು ಅನ್ವಯಿಸುತ್ತವೆ, ದಂಡ ಒಂದು ಕೋಟಿ ರೂಪಾಯಿಯವರೆಗೂ ಇದೆ. ಆದರೆ ಮಾರಾಟವಾದ ಗಾಡಿಗಳಿಗೆ ಹೋಲಿಸಿ ಇಂತಿಷ್ಟು ದೂರುಗಳು ಬಂದರೆ ಮಾತ್ರ ಆ ಯಂತ್ರ ತಿರುಗತೊಡಗುತ್ತದೆ. ಅಂದರೆ ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗುವ ಐಷಾರಾಮಿ ಗಾಡಿಯ ವಿಷಯದಲ್ಲಿ ಒಂದೊಂದು ದೂರಿಗೂ ಹೆಚ್ಚು ತೂಕವಿದೆ, ಮತ್ತು ದೂರು ಕೊಡಲು ಅತ್ಯಂತ ಹಿಂಜರಿಯುವವರೂ ಅಂಥ ಗಾಡಿಯವರೇ. ಆಲ್ಟೋ ಕೆಟ್ಟರೆ ಊರಿಗೆಲ್ಲ ಹೇಳುತ್ತೇವೆ. 60 ಲಕ್ಷದ್ದು ಕೆಟ್ಟರೆ ಗೇಟು ಹಾಕಿಕೊಳ್ಳುತ್ತೇವೆ. ಮರ್ಯಾದೆಯದ್ದು ಒಂದು ಕಾರಣ, ಮಾರುವಾಗ ಬೆಲೆ ಬೀಳುತ್ತದೆ ಎಂಬುದು ಇನ್ನೊಂದು.

ಗಡಿಯಲ್ಲಿರುವ ನಮಗೆ ಮೊದಲು ಇನ್ನೊಂದು ತೊಡಕಿತ್ತು: ಗಾಡಿ ಕೊಳ್ಳುವುದು ಕರ್ನಾಟಕದಲ್ಲಿ, ಓಡಿಸುವುದು ಕೇರಳದಲ್ಲಿ. 2020ರ ಜುಲೈಯಿಂದ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಲು ಅವಕಾಶ ಕೊಟ್ಟಿದೆ. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು, ಮೀರಿದರೆ ರಾಜ್ಯ ಆಯೋಗ. ಹೊಸ ಗಾಡಿ ಕೊಂಡವರು ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕುಳಿತು ತಿರುವನಂತಪುರಕ್ಕೆ ಹೋಗಬೇಕಾದರೆ, 26 ಲಕ್ಷದ ನನಗೆ ಕಾಸರಗೋಡಿನ ಬಸ್ಸು ಸಾಕು. ಹಳೆ ಗಾಡಿ ಕೊಂಡದ್ದರಿಂದ ಆದ ಲಾಭ ಇದೊಂದೇ. ಸನ್‌ರೂಫಿನ ದೂರಿನ ಕರಡು ಸಿದ್ಧವಾಗಿದೆ, ಅದಕ್ಕೆ ಮೇ ತಿಂಗಳ ಜಾಬ್ ಕಾರ್ಡಿನ ಪ್ರತಿಯನ್ನೂ ಲಗತ್ತಿಸಿದ್ದೇನೆ.

ಪಂಪನ್ನು ಆಗಸ್ಟಿನಲ್ಲಿ ಹಣ ಪಡೆಯದೆ ಬದಲಿಸಿಕೊಟ್ಟರು. ಅಂದು ಕಾಯುವ ಕೋಣೆಯಲ್ಲಿ ಪೆರ್ಲ ಕಡೆಯ ಪರಿಚಯದವರೊಬ್ಬರು ಸಿಕ್ಕಿದರು, ಅವರದ್ದೂ ಅದೇ ಮಾದರಿ, ಹೊಸದಾಗಿ ಕೊಂಡದ್ದು. ನನ್ನ ಕಥೆ ಕೇಳಿ ಸುತ್ತ ನೋಡಿ ದನಿ ತಗ್ಗಿಸಿದರು: “ನಮ್ಮದೂ ಮೂರು ಸಲ ಬಂದ್ ಆದದ್ದುಂಟು. ನಾನು ಯಾರಿಗೂ ಹೇಳಲಿಲ್ಲ, ಗಾಡಿ ಮಾರುವ ಅಂದಾಜು ಉಂಟು.” ಬರೆದುಕೊಡಿ, ನಾನೇ ಕರಡು ಮಾಡಿಕೊಡುತ್ತೇನೆ ಎಂದೆ. ನೋಡುವ ಎಂದರು. ಹೋದ ವಾರ ಬದಿಯಡ್ಕ ಪೇಟೆಯಲ್ಲಿ ಸಿಕ್ಕಾಗ ಅವರು ಸ್ಕೂಟರಿನಲ್ಲಿದ್ದರು. ಗಾಡಿ ಮಾರಾಟವಾಯಿತಂತೆ, ಕೊಂಡವರು ಪುತ್ತೂರಿನ ಕಡೆಯವರಂತೆ, ಸಣ್ಣ ಮಕ್ಕಳಿರುವ ಸಂಸಾರವಂತೆ.