2 ಇಂಚು 5 ಸೆಂಟ್ ಮಳೆ, ನನ್ನ ಬಿ.ಎಡ್. ಪ್ರಾಜೆಕ್ಟು

ಇಂಟರ್ನ್‌ಶಿಪ್ ಮುಗಿಸಿ ಮನೆಗೆ ಬಂದು ಒಂದು ವಾರ ಆಯ್ತು, ರೆಕಾರ್ಡ್ ಬುಕ್ಕೆಲ್ಲ ಸಬ್ಮಿಟ್ ಆಗಿದೆ, ಆದ್ರೂ ಆ 8ನೇ ಕ್ಲಾಸಿನ ಮಕ್ಕಳು ತಲೆಯಿಂದ ಹೋಗ್ತಾ ಇಲ್ಲ, ಅದಕ್ಕೇ ಬರೆದು ಬಿಡೋಣ ಅಂತ ಕೂತಿದ್ದೀನಿ.

ಎನ್‌ಸಿಟಿಇ ಅಂದ್ರೆ ಶಿಕ್ಷಕರ ತರಬೇತಿ ನೋಡ್ಕೊಳ್ಳೋ ರಾಷ್ಟ್ರೀಯ ಮಂಡಳಿಯ 2014ರ ನಿಯಮ ಬಂದ್ಮೇಲೆ ಬಿ.ಎಡ್. 2 ವರ್ಷದ ಕೋರ್ಸ್ ಆಯ್ತಲ್ಲ, ಅದರಲ್ಲಿ 20 ವಾರ ಶಾಲೆಯಲ್ಲೇ ಇರ್ಬೇಕು, ಮೊದಲ ವರ್ಷ 4, ಎರಡನೇ ವರ್ಷ 16. ಜೊತೆಗೆ ಐಸಿಟಿ, ಅಂದ್ರೆ ಪಾಠಕ್ಕೆ ಕಂಪ್ಯೂಟರ್, ಫೋನ್ ಬಳಸೋದು ಕಲಿಸೋ ಒಂದು ಪೇಪರ್. ನಂಗೆ ತುಂಬಾ ಇಷ್ಟದ ಪೇಪರ್ ಅದು. ಪಿಪಿಟಿ ಮಾಡೋದು, ವಿಡಿಯೋ ಎಡಿಟ್ ಮಾಡೋದು, ದೀಕ್ಷಾ ಆ್ಯಪಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಾಠ ತೆಗೆಯೋದು, ಎಲ್ಲಾ ಕಲಿತ್ವಿ. 2006ರಲ್ಲಿ ಪುಣ್ಯ ಮಿಶ್ರಾ, ಮ್ಯಾಥ್ಯೂ ಕೊಹ್ಲರ್ ಅನ್ನೋರು ಕೊಟ್ಟ ಟಿಪ್ಯಾಕ್ ಅಂತ ಒಂದು ಮಾದರಿ ಇದೆ, ವಿಷಯ ಒಂದು ವೃತ್ತ, ಕಲಿಸೋ ವಿಧಾನ ಒಂದು ವೃತ್ತ, ತಂತ್ರಜ್ಞಾನ ಒಂದು ವೃತ್ತ, ಮೂರೂ ಸೇರೋ ಜಾಗದಲ್ಲಿ ಮೇಷ್ಟ್ರು ನಿಲ್ಬೇಕು ಅಂತ. ಪರೀಕ್ಷೆಯಲ್ಲಿ ಆ ಮೂರು ವೃತ್ತ ಚೆನ್ನಾಗಿ ಬರೆದು ಬಂದೆ. ಆದ್ರೆ ಅರ್ಥ ಆಗಿದ್ದು ಜುಲೈಯಲ್ಲಿ.

ದತ್ತಾಂಶ ನಿರ್ವಹಣೆ ಪಾಠಕ್ಕೆ 22 ಸ್ಲೈಡ್ ರೆಡಿ ಮಾಡಿದ್ದೆ, ದೊಡ್ಡ ದೊಡ್ಡ ಊರುಗಳ ಮಳೆ ಲೆಕ್ಕ, ಬಣ್ಣ ಬಣ್ಣದ ಸ್ತಂಭಾಲೇಖ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು ಶಾಲೆ ಕಂಪ್ಯೂಟರಲ್ಲಿ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗಿ ಕಾಣ್ತು ಅಂತ ರಾತ್ರಿಯೆಲ್ಲ ಕೂತು ಯೂನಿಕೋಡಲ್ಲಿ ಮತ್ತೆ ಕುಟ್ಟಿದ್ದೆ. ಬೆಳಗ್ಗೆ ಹೋದ್ರೆ ಕರೆಂಟಿಲ್ಲ. ಎಲ್ಲೋ ಮರ ಬಿದ್ದಿದೆ, ಮೂರು ದಿನ ಬರಲ್ಲ ಅಂದ್ರು. ಕೊಡಗಿನ ಮಳೆಗಾಲ ಗೊತ್ತಿರೋರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ, ಆದ್ರೆ ಕಾಲೇಜಲ್ಲಿ ಅಷ್ಟು ತಿಂಗಳು ಕಲಿತ್ರೂ ಕರೆಂಟ್ ಇಲ್ಲದ ಕ್ಲಾಸಿಗೆ ಏನು ಮಾಡ್ಬೇಕು ಅಂತ ಒಂದು ದಿನಾನೂ ಮಾತಾಡಿರ್ಲಿಲ್ಲ ಅನ್ನೋದು ಅವತ್ತು ನಂಗೆ ನಿಜಕ್ಕೂ ನೋವಾಯ್ತು.

ಬೋರ್ಡ್ ಮೇಲೆ ಒಂದು ಟೇಬಲ್ ಬರೆದು, ಮಳೆನ ಮಿಲಿಮೀಟರಲ್ಲಿ ಅಳೀತಾರೆ ಅಂದೆ ಅಷ್ಟೇ, ಕಿಟಕಿ ಪಕ್ಕದ ಹುಡುಗ ಎದ್ದು ನಿಂತ. "ಇಲ್ಲ ಮಿಸ್, ಇಂಚು, ಸೆಂಟಲ್ಲಿ. ದಿನಾ ಬೆಳಗ್ಗೆ ಅಪ್ಪನ ಜೊತೆ ನಾನೇ ಅಳೆಯೋದು." ಅವನ ಅಪ್ಪ ಒಂದು ಕಾಫಿ ಎಸ್ಟೇಟಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋರು. ನಮ್ಮ ಕಡೆ ತೋಟ ಇರೋರಿಗೆಲ್ಲ ಇದು ಗೊತ್ತು, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಎಷ್ಟು ಬಿತ್ತು, ಆಮೇಲೆ ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ ಬಂತಾ ಇಲ್ವಾ ಅನ್ನೋದರ ಮೇಲೆ ಆ ವರ್ಷದ ಫಸಲು ನಿಂತಿರತ್ತೆ, ಅದಕ್ಕೆ ಮಳೆ ಡೈರಿ ಇಟ್ಟೇ ಇಡ್ತಾರೆ. ಒಂದು ಇಂಚಿಗೆ 100 ಸೆಂಟ್. ನಮ್ಮ ಅಜ್ಜನೂ ಬರೀತಿದ್ರು. ಅಂಥಾ ಮನೇಲಿ ಹುಟ್ಟಿದ ನಾನು ಯಾವುದೋ ಊರಿನ ಮಳೆ ಡೌನ್‌ಲೋಡ್ ಮಾಡ್ಕೊಂಡು ಹೋಗಿದ್ದೆ.

ಮಾರನೇ ದಿನ ಅವನು ಅಪ್ಪನ ಫೋನಲ್ಲಿ ಡೈರಿ ಪುಟದ ಫೋಟೋ ತಂದ. ಆಮೇಲೆ ಇನ್ನೂ ನಾಲ್ಕು ಮಕ್ಕಳು ತಂದ್ರು, ಅದರಲ್ಲಿ ಇಬ್ರು ತೋಟದ ಕೆಲಸದವರು ಇರೋ ಲೈನ್ ಮನೆಯ ಮಕ್ಕಳು, ಕ್ಲಾಸಲ್ಲಿ ಬಾಯೇ ಬಿಡದೋರು, ಸಾಹುಕಾರ್ರನ್ನ ಕೇಳಿ ಚೀಟಿಯಲ್ಲಿ ಬರೆಸ್ಕೊಂಡು ಬಂದಿದ್ರು. ಕರೆಂಟ್ ಬಂದ್ಮೇಲೆ 14 ದಿನದ ಲೆಕ್ಕನ ಮಕ್ಕಳೇ ಸ್ಪ್ರೆಡ್‌ಶೀಟಿಗೆ ಹಾಕಿದ್ರು.

ಇಲ್ಲಿ ನಡೆದಿದ್ದನ್ನ ನಾನು ಸರಿಯಾಗಿ ಹೇಳ್ಬೇಕು. ಒಂದು ದಿನ 2 ಇಂಚು 30 ಸೆಂಟ್, ಅದರ ಮಾರನೇ ದಿನ 2 ಇಂಚು 5 ಸೆಂಟ್. ಟೈಪ್ ಮಾಡ್ತಿದ್ದ ಹುಡುಗಿ 2.30 ಹಾಕಿದ್ಳು, ಕೆಳಗೆ 2.5 ಹಾಕಿದ್ಳು. ಗ್ರಾಫಲ್ಲಿ ಎರಡನೇ ಕಂಬ ಮೇಲಕ್ಕೆ ಹೋಯ್ತು. ಯಾರಿಗೂ ಏನೂ ಅನ್ನಿಸ್ಲಿಲ್ಲ, ನಂಗೂ ತಕ್ಷಣ ಹೊಳೀಲಿಲ್ಲ. ಆ ಹುಡುಗ ಮಾತ್ರ ಸ್ಕ್ರೀನ್ ಹತ್ರ ಬಂದು ಬೆರಳಿಟ್ಟ, "ಮಿಸ್, ಅವತ್ತು ಅಷ್ಟು ಮಳೆ ಇರ್ಲಿಲ್ಲ. ಹಿಂದಿನ ದಿನಕ್ಕಿಂತ ಕಮ್ಮಿ. ನಾನು ನೋಡಿದ್ದೀನಿ." ಐದು ಸೆಂಟ್ ಅಂದ್ರೆ 0.05, ಬರೀಬೇಕಾಗಿದ್ದು 2.05. ಅದನ್ನ ತಿದ್ದಿದ ತಕ್ಷಣ ಕಂಬ ಕೆಳಗಿಳೀತು, ಆ ಹುಡುಗಿ "ಓ..." ಅಂದ್ಳು. ದಶಮಾಂಶದಲ್ಲಿ ಸೊನ್ನೆಗೆ ಏನು ಬೆಲೆ ಅಂತ ನಾನು ಎಷ್ಟು ಸ್ಲೈಡ್ ಮಾಡಿದ್ರೂ ಆ "ಓ" ಬರ್ತಿರ್ಲಿಲ್ಲ.

ಆಮೇಲೆ 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿದ್ವಿ, 2.30 ಇಂಚು ಅಂದ್ರೆ 58.42 ಮಿ.ಮೀ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದ್ರೆ 1 ಲೀಟರ್ ನೀರು. ಹಾಗಾದ್ರೆ ನಮ್ಮ ಕ್ಲಾಸಿನ ಮಾಡಿನ ಮೇಲೆ ಎಷ್ಟು ಬಿತ್ತು ಅಂತ ಮಕ್ಕಳೇ ರೂಮ್ ಅಳೆದ್ರು, 8 ಮೀಟರ್ ಉದ್ದ, 6 ಮೀಟರ್ ಅಗಲ, ಲೆಕ್ಕ ಹಾಕಿದ್ರೆ ಸುಮಾರು 2,800 ಲೀಟರ್. ಶಾಲೆ ಮೇಲಿರೋ ಸಿಂಟೆಕ್ಸ್ ಟ್ಯಾಂಕ್ 1,000 ಲೀಟರಿಂದು. ಒಂದೇ ದಿನಕ್ಕೆ ಹತ್ರತ್ರ ಮೂರು ಟ್ಯಾಂಕ್!

ಇದನ್ನೇ 3 ನಿಮಿಷದ ವಿಡಿಯೋ ಮಾಡಿದ್ವಿ. ಶೀಟಿನ ಮಾಡು, ಮೇಲೆ ಮಳೆ, ಮಾತೇ ಕೇಳಿಸಲ್ಲ. ಆಡಾಸಿಟಿ ಅನ್ನೋ ಆಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರಲ್ಲಿ ನಾಯ್ಸ್ ರಿಡಕ್ಷನ್ ಹಾಕಿ ನೋಡಿದೆ, ಒಂದೇ ಸಮನೆ ಗುಂಯ್ ಅನ್ನೋ ಶಬ್ದ ಆದ್ರೆ ಹೋಗತ್ತೆ, ಮಳೆ ಹಾಗಲ್ಲ, ಅದರ ಜೊತೆ ಮಕ್ಕಳ ದನಿನೂ ಕೊಡದ ಒಳಗಿಂದ ಬಂದ ಹಾಗಾಯ್ತು. ಕೊನೆಗೆ ಅಡುಗೆ ಅಕ್ಕನೇ "ಸ್ಟೋರಿಗೆ ಬನ್ನಿ ಮಿಸ್" ಅಂದ್ರು. ಬಿಸಿಯೂಟದ ಅಕ್ಕಿ ಮೂಟೆಗಳ ಮಧ್ಯೆ ಕೂತು, ಬಾಗಿಲು ಹಾಕಿ, ಮೇಲೊಂದು ಕಂಬಳಿ ಹೊದ್ದು ಫೋನಲ್ಲೇ ರೆಕಾರ್ಡ್ ಮಾಡಿದ್ವಿ. ಎಷ್ಟು ಸ್ಪಷ್ಟವಾಗಿ ಬಂತು ಗೊತ್ತಾ. ಮಕ್ಕಳ ಮುಖ ಎಲ್ಲೂ ಹಾಕಿಲ್ಲ, ಬರೀ ಕೈ, ಡೈರಿ, ಗ್ರಾಫು, ದನಿ. ಮನೆಯವರನ್ನ ಕೇಳಿದ್ಮೇಲೇ ಅದೂ. ಊರಲ್ಲಿ ನೆಟ್‌ವರ್ಕ್ ಸಿಗೋದು ರಸ್ತೆ ತಿರುವಲ್ಲಿ ಮಾತ್ರ, ಹಾಗಾಗಿ ಸೈಜ್ ತುಂಬಾ ಇಳಿಸಿ ವಾಟ್ಸಾಪಲ್ಲಿ ಕಳಿಸ್ದೆ.

ಮಾರ್ಕ್ಸ್ ಕೊಡೋ ಶೀಟಲ್ಲಿ ಮಾತ್ರ ಇದಕ್ಕೆಲ್ಲ ಜಾಗ ಇರ್ಲಿಲ್ಲ. ಸ್ಲೈಡ್ ಎಷ್ಟು, ಚಿತ್ರ ಎಷ್ಟು, ಆ್ಯನಿಮೇಷನ್ ಇದೆಯಾ, ಇಷ್ಟೇ ಕೇಳಿದ್ರು. ಕರೆಂಟಿಲ್ಲದ ದಿನ ಹೇಗೆ ನಡೆಸಿದ್ರಿ, ಮಕ್ಕಳು ತಾವೇ ತಂದಿದ್ದು ಏನು, ಎಲ್ಲಿ ತಪ್ಪಿದ್ರು, ಹೇಗೆ ತಿದ್ಕೊಂಡ್ರು, ಇಷ್ಟು ಕಾಲಂ ಸೇರಿಸಿ ಅಂತ ಕಾಲೇಜಿಗೆ ಒಂದು ಪುಟ ಬರೆದು ಕೊಟ್ಟು ಬಂದಿದ್ದೀನಿ. ಓದ್ತೀವಿ ಅಂದಿದ್ದಾರೆ.

ಈಗ ಒಂದು ಕೇಳ್ಕೋಬೇಕಿತ್ತು. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಎಲ್ಲರೂ ಮನೆಗೆ ಬರ್ತೀರಲ್ಲ, ಅಟ್ಟದಲ್ಲೋ ಬೀರುವಲ್ಲೋ ಹಳೇ ಮಳೆ ಡೈರಿ ಇದ್ರೆ ದಯವಿಟ್ಟು ಎಸೀಬೇಡಿ, ಪುಟಗಳ ಫೋಟೋ ತೆಗೆದಿಡಿ, ಯಾವ ಊರು ಯಾವ ವರ್ಷ ಅಂತ ಬರೆದಿಡಿ. ಭಾಗಮಂಡಲ ಕಡೆದು ಒಂದು, ಕುಶಾಲನಗರ ಕಡೆದು ಒಂದು ಸಿಕ್ರೆ ಇನ್ನೂ ಒಳ್ಳೇದು, ಒಂದೇ ಜಿಲ್ಲೆಯಲ್ಲಿ ಮಳೆ ಎಷ್ಟು ಬೇರೆ ಅಂತ ಅಕ್ಕಪಕ್ಕ ಇಟ್ಟು ತೋರಿಸ್ಬಹುದು. ನಮ್ಮ ಜೂನಿಯರ್ಸ್ ಅದೇ ಶಾಲೆಗೆ ಹೋಗ್ತಿದ್ದಾರೆ, ಮಳೆ ಲೆಕ್ಕದ ಸ್ಪ್ರೆಡ್‌ಶೀಟ್ ಅವರಿಗೆ ಕೊಟ್ಟಿದ್ದೀನಿ. ಆ ಹುಡುಗ ಇವತ್ತೂ ಮೆಸೇಜ್ ಹಾಕಿದ್ದ, 12 ಸೆಂಟ್ ಅಂತೆ, ಪಕ್ಕದಲ್ಲೇ 0.12 ಅಂತ ಬರೆದಿದ್ದ.